ಮಣ್ಣೂ ಬೂದಿಯೂ ಆದವರ ಮಾತು

ಪರಿಶುದ್ಧ ಸಂಸ್ಕಾರದ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಕ್ಕಾಗಿ ಮುಂದೆ ಹೋಗುವ ಮೊದಲು ಸಭೆಯವರೆಲ್ಲ ಒಟ್ಟಿಗೆ ಹೇಳುವ ಒಂದು ಪ್ರಾರ್ಥನೆ ಇದೆ. ನಮ್ಮ ಸ್ವಂತ ನೀತಿಯನ್ನು ನಂಬಿಕೊಂಡು ಈ ಮೇಜಿನ ಬಳಿಗೆ ಬರುವ ಧೈರ್ಯ ನಮಗಿಲ್ಲ, ಮೇಜಿನ ಕೆಳಗೆ ಬಿದ್ದ ತುಣುಕುಗಳನ್ನು ಆರಿಸಿಕೊಳ್ಳುವುದಕ್ಕೂ ನಾವು ಯೋಗ್ಯರಲ್ಲ ಎಂಬುದು ಅದರ ತಿರುಳು. ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಅವರ ಕಾಲದಲ್ಲಿ, 1548ರಲ್ಲಿ, ಇಂಗ್ಲೆಂಡಿನ ಆರಾಧನಾ ಕ್ರಮಕ್ಕೆ ಸೇರಿದ ಈ ಪ್ರಾರ್ಥನೆ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯ ಕ್ರಮದಲ್ಲಿಯೂ ಉಳಿದುಕೊಂಡಿತು. ಹುಬ್ಬಳ್ಳಿ, ಧಾರವಾಡ, ಬೆಟಗೇರಿಯ ನಮ್ಮ ದೇವಾಲಯಗಳಲ್ಲಿ ಬೆಳೆದವರಿಗೆ ಅದು ಬಾಯಿಪಾಠ. ಬಾಯಿಪಾಠವಾದದ್ದು ಕಿವಿಗೆ ಬೀಳುವುದು ಕಡಿಮೆ. ಧಾರವಾಡದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳ ಕಿವಿಗೆ ಮಾತ್ರ ಅದು ಬಿದ್ದಿತ್ತು. "ಮಾಮಾ, ನೆಲದ ಮ್ಯಾಲಿನ ತುಣುಕಿಗೂ ಲಾಯಕ್ ಇಲ್ಲ ಅನ್ನೋವಷ್ಟು ಕೀಳದೀವೇನು ನಾವು? ದೇವರಿಗೆ ನಮ್ಮನ್ನ ಹಿಂಗ ನೋಡಿದ್ರ ಏನು ಸಿಗತೈತಿ?" ಎಂದು ಆಕೆ ಕೇಳಿದಳು. ಪ್ರಶ್ನೆಯಲ್ಲಿ ಸಿಟ್ಟಿತ್ತು, ಆದರೆ ಅಸಡ್ಡೆ ಇರಲಿಲ್ಲ. ಅವಳಿಗೆ ಊಟದ ಹೊತ್ತಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುವ ಪ್ರಯತ್ನ ಮಾಡುತ್ತಿದ್ದೇನೆ.

ಆ ತುಣುಕಿನ ಮಾತು ಕ್ರಾನ್ಮರ್ ಅವರ ಕಲ್ಪನೆಯಲ್ಲ, ಅದು ಒಬ್ಬ ಹೆಂಗಸಿನ ಬಾಯಿಂದ ಬಂದದ್ದು. ಮತ್ತಾಯನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸು ತೂರ್ ಮತ್ತು ಸೀದೋನಿನ ಸೀಮೆಗೆ ಹೋದಾಗ ಕಾನಾನ್ಯಳಾದ, ಅಂದರೆ ಯೆಹೂದ್ಯಳಲ್ಲದ, ಒಬ್ಬ ತಾಯಿ ತನ್ನ ಮಗಳಿಗೆ ದೆವ್ವ ಹಿಡಿದಿದೆ ಎಂದು ಕೂಗುತ್ತ ಬರುತ್ತಾಳೆ. ಯೇಸು ಮೊದಲು ಉತ್ತರವನ್ನೇ ಕೊಡುವುದಿಲ್ಲ. ಶಿಷ್ಯರು ಆಕೆಯನ್ನು ಕಳುಹಿಸಿಬಿಡು ಎನ್ನುತ್ತಾರೆ. ಆಮೇಲೆ ಬರುವ ಉತ್ತರವಂತೂ ಓದುವವರನ್ನು ಇಂದಿಗೂ ಮುಜುಗರಕ್ಕೆ ಒಳಪಡಿಸುವಂಥದ್ದು: ಮಕ್ಕಳ ರೊಟ್ಟಿಯನ್ನು ತೆಗೆದು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ. ಅಂಥ ಮಾತು ಕೇಳಿ ಆಕೆ ತಲೆ ತಗ್ಗಿಸಿ ಹೊರಟುಹೋಗಿದ್ದರೆ ಅದನ್ನು ದೀನತೆ ಎಂದು ನಾವು ಹೊಗಳುತ್ತಿದ್ದೆವೋ ಏನೋ. ಆಕೆ ಹೋಗಲಿಲ್ಲ. ಹೌದು ಸ್ವಾಮಿ, ಆದರೂ ಯಜಮಾನರ ಮೇಜಿನಿಂದ ಬೀಳುವ ತುಣುಕುಗಳನ್ನು ನಾಯಿಮರಿಗಳು ತಿನ್ನುತ್ತವಲ್ಲ ಎಂದು ಮರುಮಾತು ಕೊಟ್ಟಳು. ಕೆಳಗಿನ ಜಾಗವನ್ನು ಒಪ್ಪಿಕೊಂಡಳು, ಒಪ್ಪಿಕೊಂಡ ಆ ಜಾಗದಲ್ಲಿಯೇ ನಿಂತು ತನ್ನ ಮಗಳ ಪಾಲನ್ನು ಕೇಳಿದಳು. ಅಮ್ಮಾ, ನಿನ್ನ ನಂಬಿಕೆ ದೊಡ್ಡದು ಎಂದು ಯೇಸು ಹೇಳಿದ್ದು ಈ ವಾದವನ್ನು ಕೇಳಿದ ಮೇಲೆ. ಸುವಾರ್ತೆಗಳಲ್ಲಿ ಯೇಸುವಿನೊಡನೆ ಮಾತಿಗೆ ಮಾತು ಬೆಳೆಸಿ ತಾನು ಕೇಳಿದ್ದನ್ನು ಪಡೆದುಕೊಂಡು ಹೋದವಳು ಈಕೆ. ನಾವು ಪ್ರತಿ ಸಂಸ್ಕಾರದಲ್ಲಿಯೂ ಆಕೆಯ ಮಾತಿನ ಅರ್ಧವನ್ನು ಮಾತ್ರ ಎತ್ತಿಕೊಂಡು ಉಳಿದ ಅರ್ಧವನ್ನು ಬಿಟ್ಟಿದ್ದೇವೆ ಎಂದು ನನಗೆ ಅನಿಸುವುದುಂಟು.

ಇದೊಂದೇ ಪ್ರಸಂಗವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಆದಿಕಾಂಡದಲ್ಲಿ ಅಬ್ರಹಾಮನು ತಾನು ಮಣ್ಣೂ ಬೂದಿಯೂ ಎಂದು ಹೇಳಿಕೊಳ್ಳುವ ವಾಕ್ಯ ಕ್ರೈಸ್ತ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವನು ಅದನ್ನು ಯಾವಾಗ ಹೇಳಿದನು ಎಂಬುದು ಮಾತ್ರ ಅಷ್ಟಾಗಿ ಪ್ರಸಂಗಕ್ಕೆ ಬರುವುದಿಲ್ಲ. ಸೊದೋಮ್ ಪಟ್ಟಣವನ್ನು ನಾಶಮಾಡಲು ಹೊರಟ ದೇವರನ್ನು ತಡೆದು ನಿಲ್ಲಿಸಿ, ಅಲ್ಲಿ ಐವತ್ತು ಮಂದಿ ನೀತಿವಂತರಿದ್ದರೆ ಏನು ಮಾಡುತ್ತೀ, ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯವನ್ನೇ ನಡಿಸಬೇಕಲ್ಲವೇ ಎಂದು ಕೇಳಿದ ಮೇಲೆ, ಲೆಕ್ಕವನ್ನು ನಲವತ್ತೈದಕ್ಕೆ ಇಳಿಸುವ ಹೊತ್ತಿನಲ್ಲಿ ಆ ಮಾತು ಬರುತ್ತದೆ. ಆಮೇಲೂ ಅವನು ನಿಲ್ಲಿಸುವುದಿಲ್ಲ. ನಲವತ್ತು, ಮೂವತ್ತು, ಇಪ್ಪತ್ತು, ಕೊನೆಗೆ ಹತ್ತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತಿಗೆ ಸಂತೆ ಮಾಡುವ ಹೆಣ್ಣುಮಕ್ಕಳು, "ಇದೊಂದ್ ಮಾತು ಕೇಳ್ರಿ, ಸಿಟ್ಟಾಗಬ್ಯಾಡ್ರಿ" ಎನ್ನುತ್ತಲೇ ಬೆಲೆ ಇಳಿಸುತ್ತ ಹೋಗುವ ಹಾಗೆ ಇದೆ ಅವನ ಚೌಕಾಸಿ. ಮಣ್ಣೂ ಬೂದಿಯೂ ಎಂಬ ಅರಿವು ಅವನ ಬಾಯಿ ಕಟ್ಟಲಿಲ್ಲ. ದೇವರೆದುರು ತನಗೆ ಸ್ವಂತದ್ದೇನೂ ಇಲ್ಲವೆಂದು ತಿಳಿದವನಿಗೆ ಕಳೆದುಕೊಳ್ಳುವ ಮರ್ಯಾದೆಯ ಭಯವೂ ಇರಲಿಲ್ಲ, ಹಾಗಾಗಿ ಪರರ ಊರಿಗಾಗಿ ಅಷ್ಟು ದೂರ ಕೇಳುವುದು ಅವನಿಂದ ಆಯಿತು.

ನಮ್ಮ ಪೀಠಗಳಿಂದ ಕೇಳಿಬರುವ ಬೋಧನೆಯಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಕಲಸಿಹೋಗಿವೆ ಎಂಬುದು ನನ್ನ ಬಹುಕಾಲದ ತಕರಾರು. ಮನುಷ್ಯನು ಸಣ್ಣವನು ಎಂಬುದು ಒಂದು, ಮನುಷ್ಯನು ಪಾಪಿ ಎಂಬುದು ಇನ್ನೊಂದು. ಎಂಟನೆಯ ಕೀರ್ತನೆಯಲ್ಲಿ ಕವಿ ಆಕಾಶವನ್ನೂ ಚಂದ್ರನಕ್ಷತ್ರಗಳನ್ನೂ ನೋಡಿ ಮನುಷ್ಯನು ಎಷ್ಟರವನು ಎಂದು ಬೆರಗಾಗುವಾಗ ಅಲ್ಲಿ ಪಾಪದ ಸುದ್ದಿಯೇ ಇಲ್ಲ. ಮರುವಾಕ್ಯದಲ್ಲಿಯೇ ಆ ಸಣ್ಣವನ ತಲೆಗೆ ಮಾನದ ಕಿರೀಟವನ್ನು ಇಟ್ಟಿದ್ದಾನೆ. ನೂರಮೂರನೆಯ ಕೀರ್ತನೆಯಲ್ಲಿ ನಾವು ಧೂಳು ಎಂಬುದನ್ನು ದೇವರು ನೆನಪಿಟ್ಟುಕೊಂಡಿದ್ದಾನೆ ಎಂಬ ಮಾತು ಬರುವುದು ಕನಿಕರಕ್ಕೆ ಕಾರಣವಾಗಿ, ಅಪ್ಪನು ಮಕ್ಕಳನ್ನು ಕನಿಕರಿಸುವ ಮಾತಿನ ಬೆನ್ನಿಗೇ. ಸಣ್ಣವನಾಗಿರುವುದು ತಪ್ಪಲ್ಲ, ಅದು ಹುಟ್ಟಿನ ಸ್ಥಿತಿ. ಬೆಟಗೇರಿಯ ಕಡೆ ಯಾರದಾದರೂ ಮಣ್ಣಿಗೆ ಹೋದಾಗ ಈ ಸ್ಥಿತಿಯನ್ನು ಯಾರೂ ವಿವರಿಸಬೇಕಾಗಿರುವುದಿಲ್ಲ. ಸಭಾಪಾಲಕರು ಮಣ್ಣಿಗೆ ಮಣ್ಣು, ಬೂದಿಗೆ ಬೂದಿ ಎಂದು ಓದುತ್ತಿರುವಾಗ ಒಬ್ಬೊಬ್ಬರಾಗಿ ಬಗ್ಗಿ ಹಿಡಿ ಮಣ್ಣು ಹಾಕುತ್ತಾರೆ. ಬೇಸಗೆಯಲ್ಲಿ ಎರೆಮಣ್ಣು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಹೆಂಟೆಯನ್ನು ಅಂಗೈಯಲ್ಲಿ ಪುಡಿಮಾಡದೆ ಹಾಕಿದರೆ ಪೆಟ್ಟಿಗೆಯ ಮೇಲೆ ದಪ್ಪೆಂದು ಸದ್ದಾಗುತ್ತದೆ. ಹಿರಿಯರು ಅದಕ್ಕೇ ಮೊದಲು ಬೆರಳಿನಿಂದ ಹಿಸುಕಿ ನೋಡುತ್ತಾರೆ. ಮಳೆಗಾಲದಲ್ಲಾದರೆ ಅದೇ ಮಣ್ಣು ಕೈಬಿಟ್ಟು ಬೀಳುವುದಿಲ್ಲ, ಚಪ್ಪಲಿಗೆ ಅಂಟಿಕೊಂಡು ಮನೆಯ ತನಕ ಬರುತ್ತದೆ. ಆಸ್ತಿವಂತರ ಪೆಟ್ಟಿಗೆಯ ಮೇಲೂ, ಬಾಡಿಗೆ ಮನೆಯವರ ಪೆಟ್ಟಿಗೆಯ ಮೇಲೂ ಬೀಳುವುದು ಇದೇ ಎರೆಮಣ್ಣು.

ಪಾಪದ ಅರಿವು ಬೇರೆ ದಾರಿಯಿಂದ ಬರುತ್ತದೆ, ಅದನ್ನು ಹಗುರಮಾಡುವ ಉದ್ದೇಶ ನನಗಿಲ್ಲ. ದೇವಾಲಯದಲ್ಲಿ ದೇವರ ಮಹಿಮೆಯನ್ನು ಕಂಡ ಪ್ರವಾದಿ ಯೆಶಾಯನು ತಾನು ಅಶುದ್ಧ ತುಟಿಗಳವನು ಎಂದು ನಡುಗಿದನು. ಬಲೆ ಹರಿಯುವಷ್ಟು ಮೀನು ಸಿಕ್ಕಾಗ ಪೇತ್ರನು ಯೇಸುವಿನ ಮೊಣಕಾಲಿಗೆ ಬಿದ್ದು ನನ್ನನ್ನು ಬಿಟ್ಟುಹೋಗು, ನಾನು ಪಾಪಿ ಎಂದನು. ಇಬ್ಬರಿಗೂ ಯಾರೂ ಬೈದಿರಲಿಲ್ಲ, ಒಳ್ಳೆಯದರ ಎದುರು ನಿಂತಾಗ ಅವರಿಗೆ ತಮ್ಮ ಅಳತೆ ತಾನಾಗಿ ಗೊತ್ತಾಯಿತು. ನಮ್ಮ ಭಾಗದ ಸಭೆಗಳಿಗೆ ಈ ಪಾಪಪ್ರಜ್ಞೆ ಹೆಚ್ಚು ದಟ್ಟವಾಗಿ ಬಂದದ್ದಕ್ಕೆ ಚರಿತ್ರೆಯ ಕಾರಣವೂ ಇದೆ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಅದರ ಹಿಂದೆ ಇದ್ದವರು ದಕ್ಷಿಣ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಪೈಯಟಿಸ್ಟ್ ಪಂಥದವರು. ಒಬ್ಬೊಬ್ಬ ವಿಶ್ವಾಸಿಯೂ ತನ್ನ ಹೃದಯದ ಕೇಡನ್ನು ಸ್ವತಃ ಕಂಡು ಅತ್ತು ತಿರುಗಿಕೊಳ್ಳಬೇಕು ಎಂಬುದು ಅವರ ನಂಬಿಕೆ. ಆ ಕಣ್ಣೀರು ನಮ್ಮ ಹಳೆಯ ಕೀರ್ತನೆಗಳಲ್ಲಿ, ಮನೆಪ್ರಾರ್ಥನೆಗಳಲ್ಲಿ ಇನ್ನೂ ಇದೆ. ಅದರಲ್ಲಿ ಪ್ರಾಮಾಣಿಕತೆ ಇದೆ, ನನಗೆ ಅದರ ಮೇಲೆ ಗೌರವವಿದೆ. ಆದರೆ ಕಣ್ಣೀರು ಪದ್ಧತಿಯಾದ ಮೇಲೆ ಅದರ ಜೊತೆಗೆ ಪ್ರದರ್ಶನವೂ ಬಂತು.

ಆ ಪ್ರದರ್ಶನವನ್ನು ಎಲ್ಲರೂ ನೋಡಿರುತ್ತೇವೆ. ಪ್ರಾರ್ಥನೆಯಲ್ಲಿ "ನಿನ್ನ ಪಾದದ ಧೂಳಿಗೂ ಸಮನಲ್ಲದ ಹುಳು ನಾನು" ಎಂದು ಗದ್ಗದಿತರಾಗುವ ಹಿರಿಯರೇ ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಹೆಸರು ಎರಡು ಸಾಲು ಕೆಳಗೆ ಬಂದಿತೆಂದು ವಾರ್ಷಿಕೋತ್ಸವಕ್ಕೆ ಗೈರುಹಾಜರಾಗುತ್ತಾರೆ. ತಾನು ಇತರರಂತೆ ಅಲ್ಲವೆಂದು ದೇವರಿಗೆ ಸ್ತೋತ್ರ ಹೇಳುವ ಧರ್ಮನಿಷ್ಠ ಫರಿಸಾಯ ಮತ್ತು ಸುಂಕ ವಸೂಲಿ ಮಾಡುವವನ ಬಗ್ಗೆ ಯೇಸು ಹೇಳಿದ ಸಾಮ್ಯವನ್ನು ಲೂಕನ ಸುವಾರ್ತೆಯಲ್ಲಿ ಓದಿ, ನಾವು ಆ ಫರಿಸಾಯನಂತೆ ಅಲ್ಲವಲ್ಲ ಎಂದು ದೇವರಿಗೆ ಸ್ತೋತ್ರ ಹೇಳುವ ಅಪಾಯ ಯಾವಾಗಲೂ ಇದ್ದದ್ದೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ಗಾದೆ ಮಾಡಿದ ನಮ್ಮ ಜನಕ್ಕೆ ಈ ಸಾಮ್ಯದ ಮೊನಚು ಬೇಗ ತಿಳಿಯಬೇಕು. ಯಾರ ಎದೆ ಕರಗುವುದಿಲ್ಲವೆಂದು ಊರೇ ನಂಬಿತ್ತೋ ಅವನೇ ಇಲ್ಲಿ ದೂರ ನಿಂತು ಎದೆ ಬಡಿದುಕೊಳ್ಳುತ್ತಾನೆ, ಒಂದೇ ಸಾಲಿನಲ್ಲಿ ಮಾತು ಮುಗಿಸುತ್ತಾನೆ. ಫರಿಸಾಯನು ತನ್ನ ಉಪವಾಸ ಮತ್ತು ದಶಮಾಂಶದ ಬಗ್ಗೆ ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ದೇವರೊಂದಿಗೆ ಮಾತಾಡುತ್ತಿರುವಾಗ ಅವನ ಕಣ್ಣು ಪಕ್ಕದವನ ಮೇಲೆ ಇತ್ತು. 1521ರಲ್ಲಿ ಯೇಸುವಿನ ತಾಯಿ ಮರಿಯಳ ಸ್ತುತಿಗೀತೆಯ ಮೇಲೆ ಬರೆಯುತ್ತ ಜರ್ಮನಿಯ ಸಭಾಸುಧಾರಕ ಲೂಥರ್ ನಿಜವಾದ ದೀನತೆಗೆ ತಾನು ದೀನವೆಂಬುದೇ ತಿಳಿದಿರುವುದಿಲ್ಲ ಎಂದು ವಾದಿಸಿದ್ದು ಈ ಕಾರಣಕ್ಕೆ. ದೇವರು ನೋಡಿದ್ದು ಮರಿಯಳ ವಿನಯವೆಂಬ ಗುಣವನ್ನಲ್ಲ, ಹಳ್ಳಿಯ ಆ ಹುಡುಗಿಯ ತಗ್ಗಿದ ಸ್ಥಿತಿಯನ್ನು ಎಂದು ಅವನು ಹೇಳುತ್ತಾನೆ. ಆ ಹುಡುಗಿ ಕೂಡ ಸುಮ್ಮನಿರಲಿಲ್ಲ ಎಂಬುದನ್ನು ನಾನು ಸೇರಿಸುತ್ತೇನೆ. ತನ್ನನ್ನು ದಾಸಿ ಎಂದು ಕರೆದುಕೊಂಡವಳು ಅದೇ ಉಸಿರಿನಲ್ಲಿ, ದೇವರು ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದ್ದಾನೆ, ಐಶ್ವರ್ಯವಂತರನ್ನು ಬರಿಗೈಯಲ್ಲಿ ಕಳುಹಿಸಿದ್ದಾನೆ ಎಂದು ಹಾಡಿದಳು.

ಸಭೆಯ ದೊಡ್ಡ ಚಿಂತಕರು ದೀನತೆಯನ್ನು ಸ್ವಂತದ ತಿರಸ್ಕಾರವೆಂದು ತಿಳಿದಿದ್ದರು ಎನ್ನುವುದು ಪೂರ್ತಿ ಸರಿಯಲ್ಲ. ಹಿಪ್ಪೋದ ಅಗಸ್ಟಿನ್ ಸುಮಾರು 410ರಲ್ಲಿ ದಿಯೋಸ್ಕೋರಸ್ ಎಂಬ ತರುಣನಿಗೆ ಬರೆದ ಕಾಗದದಲ್ಲಿ ಸತ್ಯದ ಕಡೆಗೆ ಹೋಗುವ ದಾರಿ ಮೊದಲು ದೀನತೆ, ಎರಡನೆಯದಾಗಿ ದೀನತೆ, ಮೂರನೆಯದಾಗಿಯೂ ದೀನತೆ ಎನ್ನುತ್ತಾನೆ. ಹಾಗೆ ಹೇಳಿಸಿಕೊಂಡವನು ಸಿಸೆರೋನ ಗ್ರಂಥಗಳ ಬಗೆಗಿನ ಪ್ರಶ್ನೆಗಳನ್ನು ಗುಡ್ಡೆಹಾಕಿ, ವಿದ್ಯಾವಂತರ ನಡುವೆ ತಾನು ದಡ್ಡನೆನಿಸಿಕೊಳ್ಳಬಾರದು ಎಂಬ ಆತುರದಲ್ಲಿದ್ದ. ಆರನೆಯ ಶತಮಾನದ ಬೆನೆಡಿಕ್ಟ್ ತನ್ನ ಮಠದ ನಿಯಮದ ಏಳನೆಯ ಅಧ್ಯಾಯದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳನ್ನು ಕಟ್ಟಿದನು. ಅದರ ಏಳನೆಯ ಮೆಟ್ಟಿಲಲ್ಲಿ ಸನ್ಯಾಸಿಯು ತಾನು ಎಲ್ಲರಿಗಿಂತ ಕೀಳೆಂದು ಬಾಯಲ್ಲಿ ಹೇಳಿದರೆ ಸಾಲದು, ಹೃದಯದಲ್ಲಿ ನಂಬಬೇಕು ಎಂದಿದೆ. ನನಗೆ ಈ ಮೆಟ್ಟಿಲು ಹತ್ತುವುದು ಕಷ್ಟ, ಅದರ ಅಗತ್ಯದ ಬಗ್ಗೆಯೂ ಸಂಶಯವಿದೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಹೇಳುವುದು ಮನಸ್ಸಿಗೆ ಹೆಚ್ಚು ಹಿಡಿಸುತ್ತದೆ: ತನ್ನ ಅಳವಿಗೆ ಮೀರಿದ್ದಕ್ಕೆ ಹಾತೊರೆಯದಂತೆ ತಡೆಯುವುದು ದೀನತೆ, ತನ್ನ ಅಳವಿಗೆ ತಕ್ಕ ದೊಡ್ಡ ಕೆಲಸಕ್ಕೆ ಹೆದರದಂತೆ ಮಾಡುವುದು ಹಿರಿಮನಸ್ಸು, ಎರಡಕ್ಕೂ ಜಗಳವಿಲ್ಲ. 1577ರಲ್ಲಿ ಆವಿಲಾದ ತೆರೇಸಾ ದೀನತೆ ಎಂದರೆ ಸತ್ಯದಲ್ಲಿ ನಡೆಯುವುದು ಎಂದು ಬರೆದಳು. ಸತ್ಯದಲ್ಲಿ ನಡೆಯುವವರು ತಮ್ಮನ್ನು ಹೆಚ್ಚು ಮಾಡಿಯೂ ಹೇಳಲಾರರು, ಕಡಿಮೆ ಮಾಡಿಯೂ ಹೇಳಲಾರರು. ಇನ್ನು ಲೂಥರ್ 1546ರ ಫೆಬ್ರವರಿಯಲ್ಲಿ ಸಾಯುವುದಕ್ಕೆ ಎರಡು ದಿನ ಮೊದಲು ಚೀಟಿಯೊಂದರಲ್ಲಿ ಬರೆದಿಟ್ಟ ಕೊನೆಯ ಮಾತು, ನಾವು ಭಿಕ್ಷುಕರು, ಇದು ನಿಜ ಎಂಬುದು. ಮೊದಲ ತುಂಡು ಜರ್ಮನ್‌ನಲ್ಲಿ, ಎರಡನೆಯದು ಲ್ಯಾಟಿನ್‌ನಲ್ಲಿ.

ಇವರೆಲ್ಲರಿಗಿಂತ ಹಿಂದೆ, ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ತಗ್ಗುವ ಕೆಲಸವನ್ನು ಮನುಷ್ಯನಿಂದ ಆರಂಭಿಸುವುದೇ ಇಲ್ಲ. ದೇವಸ್ವರೂಪನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿದನು, ಶಿಲುಬೆಯ ಮರಣದ ತನಕ ತಗ್ಗಿದನು ಎಂಬಲ್ಲಿಂದ ಅವನ ಮಾತು ಹೊರಡುತ್ತದೆ. ನಾವು ಬಗ್ಗುವ ಮೊದಲೇ ದೇವರು ಬಗ್ಗಿದ್ದಾನೆ ಎಂದಾದ ಮೇಲೆ, ನಮ್ಮನ್ನು ಕೀಳಾಗಿ ನೋಡುವುದರಿಂದ ದೇವರಿಗೆ ಏನೋ ಲಾಭವಿದೆ ಎಂಬ ನನ್ನ ತಂಗಿಯ ಮಗಳ ಸಂಶಯಕ್ಕೆ ಕಾಲೂರುವ ಜಾಗ ಇರುವುದಿಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ರಾತ್ರಿಯನ್ನು ಕಥೋಲಿಕ ದೇವಾಲಯಗಳಲ್ಲಿ ಪವಿತ್ರ ಗುರುವಾರ ಮಾಡಿ ತೋರಿಸುತ್ತಾರೆ. ಹುಬ್ಬಳ್ಳಿಯ ಒಬ್ಬ ಗೆಳೆಯನ ಕರೆಯ ಮೇಲೆ ಒಮ್ಮೆ ನಾನೂ ಹೋಗಿದ್ದೆ. ಆರಿಸಲ್ಪಟ್ಟ ಹನ್ನೆರಡು ಮಂದಿ ಮುಂದಿನ ಬೆಂಚಿನಲ್ಲಿ ಸಾಲಾಗಿ ಕುಳಿತಿದ್ದರು. ಬಹಳ ಜನ ಮನೆಯಲ್ಲಿಯೇ ಕಾಲುಗಳನ್ನು ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಬಂದಿದ್ದರು ಎಂಬುದು ನೋಡಿದರೆ ತಿಳಿಯುವಂತಿತ್ತು. ಕೊನೆಯಲ್ಲಿ ಕುಳಿತವರು ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವವರು. ಅವರೂ ತಿಕ್ಕಿಕೊಂಡು ಬಂದಿದ್ದರು, ಆದರೆ ಹಿಮ್ಮಡಿಯ ಬಿರುಕುಗಳೊಳಗಿನ ಕಪ್ಪು ತಿಕ್ಕಿದರೆ ಹೋಗುವಂಥದ್ದಲ್ಲ. ಪಾದ್ರಿಗಳು ಮಂಡಿಯೂರಿ ಕೈಯೊಡ್ಡಿದಾಗ ಅವರು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡು, ಅರ್ಧ ಎದ್ದು, "ಬ್ಯಾಡ್ರಿ ಫಾದರ್, ನನ್ನ ಕಾಲು ಬ್ಯಾಡ್ರಿ" ಎಂದರು. ಪಾದ್ರಿಗಳು ಏನೂ ಹೇಳಲಿಲ್ಲ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನೀರು ಹಾಕಿದರು.

ಪೇತ್ರನೂ ಹೀಗೆಯೇ ಬೇಡ ಎಂದಿದ್ದ, ಎಂದೆಂದಿಗೂ ನೀನು ನನ್ನ ಕಾಲು ತೊಳೆಯಬಾರದು ಎಂದು. ನಾನು ತೊಳೆಯದಿದ್ದರೆ ನಿನಗೆ ನನ್ನಲ್ಲಿ ಪಾಲಿಲ್ಲ ಎಂಬ ಉತ್ತರ ಬಂತು. ಇಬ್ಬರ ಬೇಡಗಳೂ ಒಂದೇ ತೆರನವಲ್ಲ ಎಂದು ನನ್ನ ಎಣಿಕೆ. ಗುರು ಹೇಗಿರಬೇಕೆಂಬ ತನ್ನ ಕಲ್ಪನೆಯನ್ನು ಗುರುವಿನ ಮೇಲೆಯೇ ಹೇರುವ ಹಟ ಪೇತ್ರನದು. ಹಮಾಲರ ಬೇಡದ ಹಿಂದೆ ಇದ್ದದ್ದು, ನಿನ್ನ ಮೈ ಇಂಥ ಕೈಗಳು ಮುಟ್ಟುವಂಥದ್ದಲ್ಲ ಎಂದು ಊರು ತಲೆಮಾರುಗಳಿಂದ ಕಲಿಸಿದ ಪಾಠ. ಮೊದಲನೆಯದನ್ನು ದೇವರು ತಿದ್ದಬೇಕು, ಎರಡನೆಯದಕ್ಕೆ ಊರು ಉತ್ತರ ಕೊಡಬೇಕು.

ಈ ವ್ಯತ್ಯಾಸ ಗೊತ್ತಾಗದೆ ಬೋಧಿಸಿದ ದೀನತೆ ಬಹಳ ಕೇಡು ಮಾಡಿದೆ. ಅಮೆರಿಕದ ದೈವಶಾಸ್ತ್ರಜ್ಞೆ ವ್ಯಾಲರಿ ಸೈವಿಂಗ್ 1960ರಲ್ಲಿ ಬರೆದ ಲೇಖನದಲ್ಲಿ, ಗರ್ವವೇ ಮೂಲಪಾಪ, ಸ್ವಂತವನ್ನು ಇಲ್ಲವಾಗಿಸುವುದೇ ಮದ್ದು ಎಂಬ ಬೋಧನೆ ಗಂಡಸರ ಅನುಭವದಿಂದ ಹುಟ್ಟಿದ್ದು, ಮೊದಲೇ ತಮ್ಮನ್ನು ಇಲ್ಲವಾಗಿಸಿಕೊಂಡ ಹೆಂಗಸರಿಗೆ ಅದೇ ಮದ್ದನ್ನು ಕೊಟ್ಟರೆ ರೋಗ ಹೆಚ್ಚುತ್ತದೆ ಎಂಬ ಅರ್ಥದ ವಾದವನ್ನು ಮುಂದಿಟ್ಟರು. ನಮ್ಮಲ್ಲಿ 1980ರ ದಶಕದಲ್ಲಿ ಅರವಿಂದ ಪಿ. ನಿರ್ಮಲ್ ಮೊದಲಾದವರು ದಲಿತ ದೈವಶಾಸ್ತ್ರವನ್ನು ಕಟ್ಟಲು ಹೊರಟಾಗಲೂ ಪ್ರಶ್ನೆ ಇದಕ್ಕೆ ಹತ್ತಿರದ್ದೇ ಆಗಿತ್ತು. ಜಾತಿ ಕುಗ್ಗಿಸಿದವನಿಗೆ ಇನ್ನೂ ಕುಗ್ಗು ಎಂದು ಹೇಳುವ ಸುವಾರ್ತೆ ಯಾರ ಸುವಾರ್ತೆ? ಹೊಡೆಯುವ ಗಂಡನ ಮನೆಗೆ ದೀನತೆಯಿಂದ ಮರಳು ಎಂದು ಹೆಣ್ಣುಮಗಳಿಗೆ ಬುದ್ಧಿ ಹೇಳುವ ಹಿರಿಯರನ್ನು ನಾನು ಕಂಡಿದ್ದೇನೆ. ಅವರ ಕೈಯಲ್ಲಿ ವೇದಪುಸ್ತಕ ಇತ್ತು.

ಕೂಡಲಸಂಗಮದ ಬಸವಣ್ಣನವರು ಹೇಳಿದ್ದು "ಎನಗಿಂತ ಕಿರಿಯರಿಲ್ಲ" ಎಂದು. ಎದುರಿಗಿದ್ದವನಿಗೆ ನಿನಗಿಂತ ಕಿರಿಯರಿಲ್ಲ ಎಂದು ಹೇಳಿದ್ದರೆ ಆ ವಚನವನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಕ್ರೈಸ್ತ ಗ್ರಂಥದಲ್ಲಿ ಇದೇ ಸಂಗತಿಯನ್ನು ದೊಡ್ಡದಾಗಿ ಎತ್ತಿ ತೋರಿಸುವುದು ಯೋಬನ ಪುಸ್ತಕ. ಇಪ್ಪತ್ತೆರಡನೆಯ ಕೀರ್ತನೆಯಲ್ಲಿ ನೋವಿನಲ್ಲಿರುವವನು ತಾನೇ ತನ್ನನ್ನು ಹುಳು ಎನ್ನುತ್ತಾನೆ, ಹಾಗೆಂದು ದೇವರಿಗೆ ದೂರುತ್ತಾನೆ. ಯೋಬನ ಪುಸ್ತಕದಲ್ಲಿ ಅದೇ ಹುಳು ಎಂಬ ಮಾತು ಯೋಬನ ಗೆಳೆಯ ಬಿಲ್ದದನ ಬಾಯಲ್ಲಿದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕುಳಿತು, ನನಗೆ ನ್ಯಾಯ ಬೇಕು ಎಂದು ದೇವರನ್ನೇ ಕರೆಯುತ್ತಿರುವ ಗೆಳೆಯನ ಮುಂದೆ ನಿಂತು ಅವನು ದೇವರ ದೃಷ್ಟಿಯಲ್ಲಿ ನಕ್ಷತ್ರಗಳೂ ಶುದ್ಧವಲ್ಲ, ಇನ್ನು ಹುಳುವಾದ ಮನುಷ್ಯನು ಎಷ್ಟರವನು ಎಂದು ಕೇಳುತ್ತಾನೆ. ಪ್ರವಚನಕ್ಕೆ ಹೇಳಿಮಾಡಿಸಿದ ಮಾತು ಅದು, ಅದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಆರೇ ವಚನಗಳ ಆ ಅಧ್ಯಾಯದ ನಂತರ ಬಿಲ್ದದನು ಮತ್ತೆ ಬಾಯಿ ತೆರೆಯುವುದಿಲ್ಲ.

ಯೋಬನು ಗೆಳೆಯರ ಮಾತಿಗೆ ತಗ್ಗಲಿಲ್ಲ. ಬಿರುಗಾಳಿಯೊಳಗಿಂದ ದೇವರೇ ಮಾತಾಡಿದಾಗ ಮಾತ್ರ, ಭೂಮಿಗೆ ಅಸ್ತಿವಾರ ಹಾಕುವಾಗ ನೀನು ಎಲ್ಲಿದ್ದೆ ಎಂಬ ಪ್ರಶ್ನೆಗೆ ಅವನು ಬಾಯಿಯ ಮೇಲೆ ಕೈಯಿಟ್ಟುಕೊಂಡನು, ಕೊನೆಗೆ ಧೂಳಿನ, ಬೂದಿಯ ಮಾತನ್ನು ತಾನೇ ಆಡಿದನು. ಅದಾದ ಮೇಲೆ ದೇವರು ಗೆಳೆಯರಲ್ಲಿ ಒಬ್ಬನಾದ ಎಲೀಫಜನ ಕಡೆಗೆ ತಿರುಗಿ, ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ, ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಎಂದನು. ಮೂವರೂ ಏಳು ಹೋರಿಗಳನ್ನೂ ಏಳು ಟಗರುಗಳನ್ನೂ ತೆಗೆದುಕೊಂಡು ಯೋಬನ ಬಳಿಗೆ ಹೋಗಬೇಕಾಯಿತು, ತಮಗಾಗಿ ಅವನು ಪ್ರಾರ್ಥಿಸುವ ತನಕ ಅಲ್ಲಿ ಕಾಯಬೇಕಾಯಿತು. ಅವನು ಪ್ರಾರ್ಥಿಸಿದನು.